ಕಿಟಕಿಯ ಮೇಲೊಂದು ಮಹಜರು

ನನ್ನ ಮಾವ ಕಂದಾಯ ಇಲಾಖೆಯ ಶೇಕ್‌ದಾರಿಕೆಯಿಂದ ನಿವೃತ್ತರಾದವರು. ಸರಕಾರ ಅವರನ್ನು ಬಿಟ್ಟಿತ್ತು, ಅವರು ಸರಕಾರವನ್ನು ಬಿಟ್ಟಿರಲಿಲ್ಲ. ಹಿತ್ತಲಿನ ಬೇಲಿ ಒಂದು ಗೇಣು ಸರಿದರೆ ಅದು ಒತ್ತುವರಿ. ಒಲೆಯ ಮೇಲೆ ಹಾಲು ಉಕ್ಕಿದರೆ ಸ್ಥಳ ತನಿಖೆ. ಅತ್ತೆ ಉಪ್ಪಿನಕಾಯಿ ಜಾಡಿಯನ್ನು ಈ ಮೂಲೆಯಿಂದ ಆ ಮೂಲೆಗೆ ಇಟ್ಟರೂ ಯಾರ ಹುಕುಂ ಮೇಲೆ ಇಟ್ಟದ್ದು ಅಂತ ವಿಚಾರಣೆಯಾಗುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಹಗಲೆಲ್ಲ ಒಬ್ಬ ಸಾಹೇಬರ ಮುಂದೆ ಕೈಕಟ್ಟಿ ನಿಂತು, ಸಂಜೆ ಮನೆಗೆ ಬಂದು ಇನ್ನೊಬ್ಬ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅಂಥ ಮನೆಗೆ ನಾನು ಸೊರಬದ ಕಡೆಯಿಂದ ಸೊಸೆಯಾಗಿ ಬಂದೆ.

ಶಿಕಾರಿಪುರದ ಆ ಮನೆಗೆ ಒಂದು ಮಹಡಿ ಇತ್ತು. ಮಹಡಿ ಅಂದರೆ ಒಂದೇ ಕೋಣೆ. ಆದರೆ ಅದರ ನೆಲ ಹಲಗೆಯದು. ಊರಿನ ಬೇರೆ ಅಟ್ಟಗಳಿಗೆಲ್ಲ ಮಣ್ಣು ಮೆತ್ತಿ ಸಗಣಿ ಸಾರಿಸುತ್ತಿದ್ದ ಕಾಲ. ಮಾವ ಕೆಲಸದಲ್ಲಿದ್ದಾಗ ಮೇಲಧಿಕಾರಿಗಳನ್ನು ಕಾಣಲು ಯಾವುದೋ ಪ್ರವಾಸಿ ಬಂಗಲೆಗೆ ಹೋಗಿ ಹೊರಗೆ ಕಾಯುತ್ತಿದ್ದರಂತೆ. ಒಳಗೆ ಹಲಗೆ ನೆಲದ ಮೇಲೆ ಸಾಹೇಬರ ಬೂಟು ಟಕ್ ಟಕ್ ಎನ್ನುತ್ತಿತ್ತಂತೆ. ಆ ಸದ್ದು ಅವರ ತಲೆಯಲ್ಲಿ ಉಳಿದುಬಿಟ್ಟಿತು. ನಿವೃತ್ತಿಯಾದ ಕೂಡಲೇ ಮತ್ತಿಮರದ ಹಲಗೆ ಹಾಸಿ ಮಹಡಿ ಕಟ್ಟಿಸಿದರು, ಒಂದು ಜೊತೆ ಗಟ್ಟಿ ಚಪ್ಪಲಿಯನ್ನೂ ಮಾಡಿಸಿಕೊಂಡರು. ಅವರು ಮೇಲೆ ನಡೆದಾಗಲೆಲ್ಲ ಕೆಳಗೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಯ ಮೊರಕ್ಕೆ ಧೂಳು ಉದುರುತ್ತಿತ್ತು. ಅತ್ತೆ ಮೊರವನ್ನು ಆಚೆಗೆ ಸರಿಸುತ್ತಿದ್ದರು.

ಆ ಮಹಡಿಯ ಪಡುವಣ ಗೋಡೆಗೆ ಕೂರಿಸಿದ್ದ ಕಿಟಕಿ ನನ್ನ ಅಪ್ಪಯ್ಯ ಮಾಡಿದ್ದು. ಅಪ್ಪಯ್ಯ ಹೊಸಬಾಳೆಯಲ್ಲಿ ಬೇಸಾಯ ಮಾಡಿಕೊಂಡಿದ್ದವನು. ಜಮೀನು ಸ್ವಲ್ಪ, ಕೈಚಳಕ ಬಹಳ. ಸುಗ್ಗಿ ಮುಗಿದರೆ ಉಳಿ ಬಾಚಿ ಹಿಡಿದು ನೇಗಿಲು, ಬಾಗಿಲು, ಕಿಟಕಿ ಅಂತ ಕೂರುತ್ತಿದ್ದ. ಸುತ್ತಿನ ಏಳೆಂಟು ಹಳ್ಳಿಯಲ್ಲಿ ಮನೆ ಕಟ್ಟುವವರು ಮೊದಲು ಅವನನ್ನು ಕೇಳಿಯೇ ಮರ ಕಡಿಸುತ್ತಿದ್ದರು. ನನ್ನ ಮದುವೆ ಮಾತಾಗುವಾಗ ಬೀಗರು ಬೇರೇನೂ ಕೇಳಲಿಲ್ಲ, ಮಹಡಿಗೊಂದು ಕಿಟಕಿ ಸಾಕು ಎಂದರು. ಇವರೆಷ್ಟು ದೊಡ್ಡವರು ಅಂತ ನಮ್ಮವರೆಲ್ಲ ಕೊಂಡಾಡಿದರು. ಅಪ್ಪಯ್ಯ ಆರು ವರ್ಷದಿಂದ ಕೊಟ್ಟಿಗೆಯ ಅಟ್ಟದಲ್ಲಿ ಒಣಗಿಸಿಟ್ಟಿದ್ದ ಹೊನ್ನೆಮರದ ದಿಮ್ಮಿಯನ್ನು ಇಳಿಸಿದ. ಎರಡು ತಿಂಗಳು ಕೂತು ಕಿಟಕಿ ಮಾಡಿದ. ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ, ಶಿರಾಳಕೊಪ್ಪದ ಮೇಲೆ ಹಾಯ್ದು, ಹುಲ್ಲಿನ ಮೆತ್ತೆಯ ಮೇಲೆ ಕಿಟಕಿ ಮುಂದಿನ ಗಾಡಿಯಲ್ಲಿ ಬಂತು, ಮದುಮಗಳು ಹಿಂದಿನ ಗಾಡಿಯಲ್ಲಿ ಬಂದಳು. ಬೀದಿಯ ಜನ ಎದ್ದು ನೋಡಿದ್ದು ಕಿಟಕಿಯನ್ನು.

ಆ ಕಿಟಕಿಯಲ್ಲಿ ಒಂದು ವಿಶೇಷವಿತ್ತು. ಗಾಳಿಮಳೆಗೆ ಎಂಥ ಕದವಾದರೂ ಸಂದಿಯಲ್ಲಿ ಒಂದಿಷ್ಟು ನೀರು ಒಳಕ್ಕೆ ಬಿಡುತ್ತದೆ. ಅದಕ್ಕೆ ಅಪ್ಪಯ್ಯ ಚೌಕಟ್ಟಿನ ಕೆಳಗಿನ ದಿಂಡಿನಲ್ಲಿ, ಕದದ ಒಳಮಗ್ಗುಲಿಗೆ, ಉದ್ದಕ್ಕೂ ಬೆರಳಗಲದ ಒಂದು ಕಾಲುವೆ ಕೊರೆದಿದ್ದ. ಕಾಲುವೆಯ ನಡುಮಧ್ಯೆ ಕಿರುಬೆರಳು ತೂರುವಷ್ಟು ಒಂದು ತೂತು. ಆ ತೂತು ದಿಂಡಿನೊಳಗೇ ಇಳಿಜಾರಾಗಿ ಹಾಯ್ದು ಗೋಡೆಯ ಹೊರಗೆ ಬಾಯಿ ತೆರೆಯುತ್ತಿತ್ತು. ಒಳಗೆ ಬಂದ ನೀರು ಕಾಲುವೆಯಲ್ಲಿ ಕೂಡಿ, ತೂತಿನಲ್ಲಿ ಹೊರಟುಹೋಗಬೇಕು. ಕೆರೆ ಕಟ್ಟಿದವನು ಕೋಡಿ ಇಡದಿದ್ದರೆ ಏರಿ ಒಡೆಯುತ್ತದೆ, ಕಿಟಕಿಗೂ ಒಂದು ಕೋಡಿ ಬೇಕು ಎಂದು ಅಪ್ಪಯ್ಯ ಕೂರಿಸುವಾಗ ಬೀಗರಿಗೆ ವಿವರಿಸಿದ್ದ. ಮಾವ ತಲೆದೂಗಿದ್ದರು. ಬಂದವರನ್ನೆಲ್ಲ ಮೇಲೆ ಹತ್ತಿಸಿ ತೋರಿಸುತ್ತಲೂ ಇದ್ದರು. ಕೋಡಿಯ ಯೋಚನೆ ತಮ್ಮದೇ ಎಂದು ಹೇಳುತ್ತಿದ್ದರು ಅನ್ನುವುದು ಬೇರೆ ಮಾತು.

ಮೊದಲ ಮಳೆಗಾಲ ಒಂದು ಹನಿ ಒಳಗೆ ಬರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಕಿಟಕಿಯ ಕೆಳಗಿನ ಹಲಗೆ ಕಪ್ಪಾಯಿತು. ಮೂರನೆಯದರಲ್ಲಿ ನೀರು ನಿಂತಿತು. ಹಲಗೆಗಳು ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಂಚೆತ್ತಿದವು. ಮಾವನ ಕುರ್ಚಿ ಎಲ್ಲಿಟ್ಟರೂ ಮೂರೇ ಕಾಲಿನ ಮೇಲೆ ನಿಲ್ಲುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮಹಡಿಯಲ್ಲಿ ಕುಣಿಯಬಲ್ಲವಳೂ ಹಾಗೇ ಅನ್ನಬೇಕಿತ್ತು. ಒಂದು ದಿನ ಮಾವ ಟಕ್ ಟಕ್ ಎಂದು ನಡೆದು ಕಿಟಕಿಯ ಹತ್ತಿರ ಹೋದರೆ ಸದ್ದು ಥಪ್ ಥಪ್ ಎಂದಿತು. ಅವರ ಮುಖ ಬಾಡಿದ್ದನ್ನು ನಾನೇ ಕಂಡೆ. ಬೂಟಿನ ಸಾಹೇಬರು ಹೋಗಿ ಮತ್ತೆ ಹೊರಗೆ ಕಾಯುವ ಶೇಕ್‌ದಾರರು ಬಂದಿದ್ದರು.

ಕಾರಣ ಹುಡುಕಲು ಇಬ್ಬರು ತಜ್ಞರು ಬಂದರು. ಒಬ್ಬರು ಪಕ್ಕದ ಬೀದಿಯ ಓವರ್‌ಸಿಯರು. ಅವರು ಕೋಲಿನಿಂದ ನೆಲವನ್ನೆಲ್ಲ ಬಡಿದು, ಚಾಕುವಿನ ತುದಿಯಿಂದ ಹಲಗೆ ಚುಚ್ಚಿ, ಎರಡು ಹಲಗೆ ಸತ್ತಿವೆ, ಮೂರನೆಯದು ಇವತ್ತೋ ನಾಳೆಯೋ ಎಂದು ಡಾಕ್ಟರರ ಹಾಗೆ ಹೇಳಿದರು. ಗೋಡೆಗೆ ಸಿಮೆಂಟು ಬಳಿಯದ್ದೇ ಕಾರಣವಂತೆ. ಸಿಮೆಂಟು ಬಳಿದರು. ನೀರು ಮೊದಲಿನಂತೆಯೇ ಬಂತು. ಆಗ ಹೆಂಚು ಕಾರಣ ಎಂದರು. ಹೆಂಚು ಕೆದಕಿದ ಮೇಲೆ, ಅದುವರೆಗೂ ಸೋರದಿದ್ದ ಅತ್ತೆಯ ದೇವರಕೋಣೆಯೂ ಸೋರತೊಡಗಿತು. ಇನ್ನೊಬ್ಬರು ಎದುರು ಮನೆಯ ಉಡುತಡಿಯ ಗೌಡರು. ಅವರಿಗೆ ಸಿಹಿಮೂತ್ರದ ಕಾಯಿಲೆ. ಹೊನ್ನೆಮರದಲ್ಲಿ ನೆನೆದ ನೀರು ಆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ನೆಲದ ಮೇಲೆ ನಿಂತ ಕೆಂಪು ನೀರನ್ನು ಕಂಡದ್ದೇ ಅವರು ಮನೆಗೆ ಹೋಗಿ ಒಂದು ತಾಮ್ರದ ಚೊಂಬು ತಂದು ಕಿಟಕಿಯಡಿಗೆ ಇಟ್ಟರು. ಸೋರಿಕೆ ನಿಲ್ಲಬಾರದೆಂಬುದು ಅವರೊಬ್ಬರ ಪ್ರಾರ್ಥನೆ. ದಿನವೂ ಬಂದು ಚೊಂಬು ನೋಡಿ, ಇನ್ನೆರಡು ಮಳೆ ಆಗಲಿ ಎಂದು ಹೋಗುತ್ತಿದ್ದರು.

ಸಿಮೆಂಟಿನ ತಪ್ಪಲ್ಲ, ಹೆಂಚಿನ ತಪ್ಪಲ್ಲ ಎಂದಾದ ಮೇಲೆ ಉಳಿದದ್ದು ನಮ್ಮ ಅಪ್ಪಯ್ಯ. ಹೊನ್ನೆಮರ ನೀರು ಕುಡಿದು ಕೆಂಪು ಬಿಡುತ್ತಿದೆ, ಮರ ಹಸಿಯಾಗಿತ್ತು, ಬೀಗರು ಹಸಿ ಮರ ಕೊಟ್ಟು ಕೈತೊಳೆದುಕೊಂಡರು ಎಂದು ಮಾವ ತೀರ್ಮಾನಿಸಿದರು. ಅಲ್ಲಿಂದ ಮುಂದೆ ಮನೆಯಲ್ಲಿ ಕೆಟ್ಟದ್ದೆಲ್ಲ ಸೊರಬದ ಕಿಟಕಿ. ಸಾರು ನೀರಾದರೆ ಸೊರಬದ ಕಿಟಕಿ. ಹಸು ಹಾಲು ಕಮ್ಮಿ ಕೊಟ್ಟರೆ ಸೊರಬದ ಕಿಟಕಿ. ನನ್ನ ಗಂಡ ಬಾಯಲ್ಲಿ ತುತ್ತಿಟ್ಟುಕೊಂಡು ಮುಗುಳ್ನಗುತ್ತಿದ್ದರು. ನನಗೆ ಆಗಿನ ಉರಿ ಈಗಲೂ ನೆನಪಾಗುತ್ತದೆ. ಆರು ವರ್ಷ ಒಣಗಿದ ಮರ ಅದು. ಅಟ್ಟದ ಮೇಲಿದ್ದ ಆ ದಿಮ್ಮಿಯ ಮೇಲೆ ಕೂತು ನಾನು ಜಡೆ ಹಾಕಿಕೊಳ್ಳುತ್ತಿದ್ದೆ.

ತಜ್ಞರು ಮಳೆ ನಿಂತ ಮೇಲೆ ಬಂದು ನೋಡುತ್ತಿದ್ದರು. ಮಳೆ ಬರುವಾಗ ಮಹಡಿಯಲ್ಲಿ ಬಕೆಟ್ಟು ಹಿಡಿದು ಕೂರುತ್ತಿದ್ದವಳು ನಾನು. ಒಂದು ಮಧ್ಯಾಹ್ನ ಮೋಡ ಕವಿಯುವುದನ್ನು ಕಂಡು ಒಲೆಯಿಂದ ಒಣ ಬೂದಿ ತುಂಬಿಕೊಂಡು ಹೋದೆ. ಗೋಡೆಯ ಬುಡಕ್ಕೆ ಒಂದು ಗೆರೆ, ಚೌಕಟ್ಟಿನ ಎರಡೂ ಪಕ್ಕಕ್ಕೆ ಒಂದೊಂದು ಗೆರೆ, ಕೆಳಗಿನ ದಿಂಡಿನ ಅಂಚಿಗೆ ಒಂದು ಗೆರೆ ಹಾಕಿ ಕಾದೆ. ಬೂದಿ ಸುಳ್ಳು ಹೇಳುವುದಿಲ್ಲ, ಯಾವ ಕಡೆ ಮೊದಲು ಕಪ್ಪಾಗುತ್ತದೋ ಆ ಕಡೆಯಿಂದ ನೀರು. ಮಳೆ ಬಡಿಯಿತು. ಗೋಡೆಯ ಬುಡದ ಬೂದಿ ಹಿಟ್ಟಿನಂತೆ ಒಣಗಿಯೇ ಇತ್ತು. ಪಕ್ಕದ ಗೆರೆಗಳೂ ಹಾಗೇ ಇದ್ದವು. ದಿಂಡಿನ ಕಾಲುವೆ ಮಾತ್ರ ತುಂಬಿತು, ತುಳುಕಿತು, ಬೂದಿಯನ್ನು ಕೊಚ್ಚಿಕೊಂಡು ಹಲಗೆಯ ಮೇಲೆ ಇಳಿಯಿತು. ಕೋಡಿ ಹರಿಯುತ್ತಿರಲಿಲ್ಲ. ಬಗ್ಗಿ ನೋಡಿದೆ. ಕೆಂಪು ಮರದ ನಡುವೆ ತೂತಿನ ಬಾಯಿ ಬೆಳ್ಳಗೆ ಮುಚ್ಚಿಕೊಂಡಿತ್ತು. ಉಗುರಿನಿಂದ ಕೆರೆದರೆ ಸುಣ್ಣ.

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ನಮ್ಮ ಕಡೆ ಎಲೆಅಡಿಕೆ ಹಾಕುವ ಗಂಡಸರು ಎಲೆಯ ಬೆನ್ನಿಗೆ ಸುಣ್ಣ ಸವರಿ, ಬೆರಳಲ್ಲಿ ಉಳಿದದ್ದನ್ನು ಕೈಗೆಟುಕಿದ ಕಡೆ ಒರೆಸುತ್ತಾರೆ. ಯಾವ ಮನೆಯ ಕಂಬ ನೋಡಿದರೂ ಸುಣ್ಣದ ಗೆರೆ ಇರುತ್ತದೆ. ಮಾವ ಹಾಗಲ್ಲ. ಅವರು ಅಚ್ಚುಕಟ್ಟು. ಕಂಬಕ್ಕೆ ಒರೆಸುವವರನ್ನು ಕಂಡರೆ ದನ ಅನ್ನುತ್ತಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ದಿನಕ್ಕೆ ಹತ್ತು ಹದಿನೈದು ಸಲ ಎಲೆ ಹಾಕಿ, ಗೋಡೆಗೂ ತಾಗಿಸದೆ ಪಂಚೆಗೂ ತಾಗಿಸದೆ, ಉಳಿದ ಸುಣ್ಣವನ್ನು ನಾಜೂಕಾಗಿ ಆ ತೂತಿನ ಬಾಯಿಗೆ ಒತ್ತಿಬಿಡುತ್ತಿದ್ದರು. ಕೈ ಇಟ್ಟರೆ ಬೆರಳು ಅಲ್ಲಿಗೇ ಬೀಳುತ್ತಿತ್ತು. ಎರಡು ವರ್ಷದ ಸುಣ್ಣ. ಗಾರೆಯವನೂ ಅಷ್ಟು ಬಿಗಿಯಾಗಿ ಮೆತ್ತಲಾರ.

ತಪ್ಪು ಯಾರದೆಂದು ಗೊತ್ತಾಯಿತು. ಹೇಳುವವರು ಯಾರು? ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡಿದ್ದಿಲ್ಲ. ಗಂಡನಿಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ, ಸುಮ್ಮನಿರು, ಅಪ್ಪನಿಗೆ ಹೀಗೆಲ್ಲ ಹೇಳಲಿಕ್ಕಾಗುತ್ತದೆಯೆ ಎಂದರು. ಸರಿ, ಬಾಯಿ ಬೇಡ, ಕೈಯಿಂದಲೇ ಕೆಲಸ ಮುಗಿಸೋಣ ಎಂದು ಗೋಣಿಚೀಲ ಹೊಲಿಯುವ ದಬ್ಬಳ ತಗೊಂಡು ಹೋಗಿ ತೂತಿನ ಸುಣ್ಣದ ಸುತ್ತ ಕೆದಕತೊಡಗಿದೆ. ಅರ್ಧ ಸುತ್ತು ಆಗಿರಬಹುದು. ಹಿಂದೆ ಚಪ್ಪಲಿಯ ಸದ್ದಾಯಿತು. ಮಾವ ನನ್ನ ಕೈಯಲ್ಲಿದ್ದ ದಬ್ಬಳ ನೋಡಿದರು, ಕಿಟಕಿ ನೋಡಿದರು.

"ತಕರಾರು ಇತ್ಯರ್ಥ ಆಗೋ ತನಕ ಸ್ಥಳ ಯಥಾಸ್ಥಿತಿ ಇರಬೇಕು. ನಾಳೆ ಮಹಜರು ಐತಿ. ಕಿಟಕಿ ಮುಟ್ಟಬಾರದು" ಎಂದರು.

ತವರಿನ ತಪ್ಪು ಮುಚ್ಚಿಹಾಕಲು ಸೊಸೆ ಸಾಕ್ಷ್ಯ ಕೆಡಿಸುತ್ತಿದ್ದಾಳೆ ಎಂದು ಅವರು ತಿಳಿದಿದ್ದರು. ಅತ್ತೆಯ ಹತ್ತಿರ ಹಾಗೆಯೇ ಹೇಳಿದರಂತೆ.

ಮಹಜರಿನ ಕಾಗದವನ್ನು ಮಾವ ಆ ರಾತ್ರಿಯೇ ಬರೆದಿಟ್ಟಿದ್ದರು. ಜಮೀನಿಗೆ ಬರೆಯುವ ಹಾಗೆ ಕಿಟಕಿಗೂ ಚಕ್ಕುಬಂದಿ ಬರೆದಿದ್ದರು. ಪೂರ್ವಕ್ಕೆ ಮಹಡಿಯ ಕೋಣೆ, ಪಶ್ಚಿಮಕ್ಕೆ ಬಯಲು, ಉತ್ತರಕ್ಕೂ ದಕ್ಷಿಣಕ್ಕೂ ಸ್ವಂತ ಗೋಡೆ. ಸದರಿ ಕಿಟಕಿಯು ಹಸಿ ಮರದ್ದಾಗಿದ್ದು, ಅದರ ಮೂಲಕ ನೀರು ನುಗ್ಗಿ ಹಲಗೆಗಳು ನಷ್ಟವಾಗಿರುವುದನ್ನು ಪಂಚರ ಸಮಕ್ಷಮ ಕಣ್ಣಾರೆ ಕಂಡು, ಮಾಡಿದವರು ಒಪ್ಪಿ, ಕಿಟಕಿಯನ್ನು ಸ್ವಂತ ಖರ್ಚಿನಲ್ಲಿ ಕಿತ್ತು ವಾಪಸು ಒಯ್ಯತಕ್ಕದ್ದು. ಪಂಚರು ಓವರ್‌ಸಿಯರು ಮತ್ತು ಗೌಡರು. ಕೆಳಗೆ ಅಪ್ಪಯ್ಯನ ರುಜುವಿಗೆ ಜಾಗ. ಮೂರು ವರ್ಷದ ಹಿಂದೆ ಇಡೀ ಬೀದಿ ನೋಡುವಂತೆ ಬಂದ ಕಿಟಕಿ, ಇಡೀ ಬೀದಿ ನೋಡುವಂತೆ ಗಾಡಿಯ ಮೇಲೆ ವಾಪಸು ಹೋಗಬೇಕು. ಹೊಸಬಾಳೆಗೆ ಅದು ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ಆಮೇಲೆ ಅಪ್ಪಯ್ಯನ ಕೈಯಲ್ಲಿ ಯಾರು ಕಿಟಕಿ ಮಾಡಿಸುತ್ತಾರೆ? ನನಗೆ ಇದೊಂದೇ ಯೋಚನೆ.

ಮಾವ ಮೊದಲೇ ಕಾಗದ ಹಾಕಿ ಕರೆಸಿದ್ದರಿಂದ ಮರುದಿನ ಅಪ್ಪಯ್ಯ ಮೊದಲ ಬಸ್ಸಿಗೇ ಬಂದ. ಒಗೆದ ಅಂಗಿ, ಹೆಗಲಲ್ಲಿ ಉಳಿ ಬಾಚಿಯ ಚೀಲ. ಬೀಗರ ಮನೆಗೆ ಬಂದವನು ಒಂದು ಲೋಟ ನೀರನ್ನೂ ಕುಡಿಯದೆ ನೇರ ಮೇಲೆ ಹತ್ತಿದ. ಓವರ್‌ಸಿಯರು ಕೋಲು ಹಿಡಿದು ನಿಂತಿದ್ದರು. ಗೌಡರು ತಮ್ಮ ಚೊಂಬಿನ ಹತ್ತಿರ ನಿಂತಿದ್ದರು. ನಾನು ಕಾಫಿಯ ನೆಪದಲ್ಲಿ ಬಾಗಿಲಲ್ಲಿ ನಿಂತೆ. ಮಾವ ಕುರ್ಚಿಯಲ್ಲಿ ಕೂತು ಕಾಗದವನ್ನು ಓದಿದರು, ಚಕ್ಕುಬಂದಿಯನ್ನೂ ಬಿಡದೆ. ಅಪ್ಪಯ್ಯ ಕೇಳುತ್ತ ಕಿಟಕಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಚೌಕಟ್ಟಿನ ಮೇಲೆ ಕೈಯಾಡಿಸಿದ. ಕಾಲುವೆಯಲ್ಲಿ ಬೆರಳೆಳೆದುಕೊಂಡು ಹೋಗಿ ತೂತಿನ ಹತ್ತಿರ ನಿಲ್ಲಿಸಿದ. ಬೆರಳ ತುದಿಯ ಬಿಳುಪನ್ನು ನೋಡಿಕೊಂಡ. ಆಮೇಲೆ ಕುರ್ಚಿಯ ಪಕ್ಕದ ಎಲೆಪೆಟ್ಟಿಗೆಯನ್ನು ನೋಡಿದ. ಅದರ ಮೇಲೆ ಸುಣ್ಣದ ಡಬ್ಬಿ ಬಾಯ್ತೆರೆದು ಕೂತಿತ್ತು. ಕಡೆಗೆ ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಗಿತ್ತು. ಓವರ್‌ಸಿಯರಿಗೆ ಎರಡು ತಿಂಗಳಲ್ಲಿ ಸಿಗದ್ದು ಅವನಿಗೆ ಒಂದು ಕಾಫಿ ಆರುವಷ್ಟರಲ್ಲಿ ಸಿಕ್ಕಿತು.

ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ಅವನು ಬೆರಳನ್ನು ತನ್ನ ಪಂಚೆಗೆ ಒರೆಸಿಕೊಂಡ.

"ತಪ್ಪು ನಂದೇ ಬೀಗರೇ. ಮರ ಹಸಿ ಇತ್ತು ಅಂತ ಕಾಣ್ತದೆ. ಎಲ್ಲಿ ಬರೀಬೇಕು ಹೇಳಿ" ಎಂದ.

ಮಾವ ಹಿಗ್ಗಿದರು. ಓವರ್‌ಸಿಯರು ತಾವು ಮೊದಲಿಂದ ಹೇಳುತ್ತಿದ್ದದ್ದೂ ಇದನ್ನೇ ಎಂದರು. ಅಪ್ಪಯ್ಯ ಪೆನ್ನು ಹಿಡಿದು ನೆಲದ ಮೇಲಿಟ್ಟ ಕಾಗದಕ್ಕೆ ಬಗ್ಗಿದ. ಉಳಿ ಹಿಡಿದರೆ ಕೂದಲೆಳೆ ತಪ್ಪದ ಕೈ, ಪೆನ್ನನ್ನು ಹೇಗೆ ಹಿಡಿಯಬೇಕೆಂದು ತಿರುಗಿಸಿ ನೋಡುತ್ತಿತ್ತು. ಅಷ್ಟು ಹೊತ್ತು ಮಾವನ ಮೇಲಿದ್ದ ನನ್ನ ಸಿಟ್ಟು ಪೂರ್ತಿ ಅಪ್ಪಯ್ಯನ ಮೇಲೆ ತಿರುಗಿತು. ಇಷ್ಟು ಸಲೀಸಾಗಿ ಬಗ್ಗುವುದಾದರೆ ಎರಡು ತಿಂಗಳು ಕೂತು ಯಾಕೆ ಮಾಡಬೇಕಿತ್ತು?

ಕಾಫಿ ತಟ್ಟೆಯನ್ನು ಕೆಳಗಿಟ್ಟೆ. ದಬ್ಬಳ ಹಿಂದಿನ ದಿನದಿಂದ ನನ್ನ ಸೊಂಟದಲ್ಲೇ ಇತ್ತು. ನಾಲ್ಕು ಗಂಡಸರ ನಡುವೆ ಹಾದು ಕಿಟಕಿಗೆ ಹೋಗಿ, ತೂತಿಗೆ ದಬ್ಬಳ ಹಾಕಿ ಮೀಟಿದೆ. ಹಿಂದಿನ ದಿನವೇ ಸಡಿಲಾಗಿದ್ದ ಸುಣ್ಣ ಸೀಮೆಸುಣ್ಣದ ತುಂಡಿನಂತೆ ಇಡಿಯಾಗಿ ಕಿತ್ತು ಬಂತು. ಅದನ್ನು ಮಾವನ ಎಲೆಪೆಟ್ಟಿಗೆಯ ಮೇಲೆ ಇಟ್ಟೆ. ನೀರಿಗೆ ಸುತ್ತ ನೋಡಿದೆ. ಗೌಡರ ಚೊಂಬಿತ್ತು. ಎತ್ತಿ ಪೂರ್ತಿ ಕಾಲುವೆಗೆ ಸುರಿದೆ. ನೀರು ನಡುವಿಗೆ ಓಡಿತು, ಒಂದು ಸುತ್ತು ಸುತ್ತಿತು, ಕಾಣೆಯಾಯಿತು. ಕೆಳಗೆ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ, ತಮ್ಮ ತಲೆಯ ಮೇಲೆ ನೀರು ಹೊಯ್ಯುತ್ತಿರುವವರು ಯಾರು ಎಂದು ಅಲ್ಲಿಂದಲೇ ಗದರಿದರು. ಪಂಚರಿಬ್ಬರೂ ಕೇಳಿಸಿಕೊಂಡರು.

"ಮಾವ, ಇದು ನಿಮ್ಮ ಸುಣ್ಣ. ನಮ್ಮ ಅಪ್ಪಯ್ಯನ ಕೆಲಸದಾಗೆ ತಪ್ಪಿಲ್ಲ" ಎಂದೆ. ಆ ಮನೆಗೆ ಬಂದು ಮೂರು ವರ್ಷಕ್ಕೆ ಮಾವನ ಎದುರು ನಾನಾಡಿದ ಮೊದಲ ಮಾತು ಅದು.

ಅಪ್ಪಯ್ಯ ಕಾಗದದ ಮೇಲಿನಿಂದ ತಲೆ ಎತ್ತಲೇ ಇಲ್ಲ. ಮಾವ ಆ ಸುಣ್ಣದ ತುಂಡನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಇಟ್ಟರು. ತುಂಡಿನ ಒಂದು ತುದಿಯಲ್ಲಿ ಅವರ ಬೆರಳ ಗುರುತು ಹೆಬ್ಬೆಟ್ಟಿನ ರುಜುವಿನಷ್ಟು ಚೆನ್ನಾಗಿ ಮೂಡಿತ್ತು. ಆಮೇಲೆ ಅವರು ಓವರ್‌ಸಿಯರ ಕಡೆ ತಿರುಗಿ, ಕೈ ಬೀಳುವ ಜಾಗದಲ್ಲೇ ತೂತು ಇಟ್ಟದ್ದು ಮಾಡಿದವರ ದೋಷವಲ್ಲವೇ, ಅದನ್ನೂ ಕಾಗದದಲ್ಲಿ ಸೇರಿಸಬಹುದು ಎಂದರು. ಓವರ್‌ಸಿಯರು ತಮಗೆ ಕಚೇರಿಗೆ ಹೊತ್ತಾಯಿತೆಂದು ಎದ್ದರು. ಗೌಡರು ಖಾಲಿ ಚೊಂಬನ್ನು ಬೋರಲು ಹಾಕಿ ನೋಡಿ, ನನ್ನ ಕಡೆ ಬಹಳ ನೊಂದ ಕಣ್ಣಿನಿಂದ ನೋಡಿ, ಅದನ್ನೆತ್ತಿಕೊಂಡು ಹೋದರು. ರುಜು ಆಗಲಿಲ್ಲ. ಕಿಟಕಿ ಅಲ್ಲೇ ಉಳಿಯಿತು. ಆ ಮಳೆಗಾಲ ಪೂರ್ತಿ ಮಾವ ನನ್ನೊಡನೆ ಮಾತಾಡಲಿಲ್ಲ. ಅದಕ್ಕೆ ಮೊದಲೂ ಆಡುತ್ತಿರಲಿಲ್ಲವಾದ್ದರಿಂದ ವ್ಯತ್ಯಾಸ ತಿಳಿಯಲು ನನಗೆ ಕೆಲವು ದಿನ ಬೇಕಾಯಿತು.

ಅಪ್ಪಯ್ಯ ಊಟಕ್ಕೂ ನಿಲ್ಲಲಿಲ್ಲ. ಬಸ್ಸಿನ ತನಕ ಹೋಗಿ ಬಾ ಎಂದು ಅತ್ತೆಯೇ ನನ್ನನ್ನು ಕಳಿಸಿದರು. ಅವರ ಸೆರಗು ಇನ್ನೂ ಒದ್ದೆಯಾಗಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಅಪ್ಪಯ್ಯ ನನ್ನನ್ನು ಬೈದ. ಹೆಣ್ಣುಮಕ್ಕಳಿಗೆ ಇಷ್ಟು ಹಟ ಇರಬಾರದು ಎಂದ. ನಿನ್ನ ಅವ್ವನಿಗೆ ಏನಂತ ಹೇಳಲಿ ಎಂದ. ನಾನೂ ಬಿಡಲಿಲ್ಲ, ಗೊತ್ತಿದ್ದೂ ಯಾಕೆ ತಪ್ಪು ಒಪ್ಪಿಕೊಂಡೆ ಎಂದು ಕೇಳಿದೆ. ಅವನು ರಸ್ತೆಯ ನಡುವೆ ನಿಂತ.

"ಕಿಟಕಿ ಸೋತ್ರೆ ನಾ ಹೊತ್ಕಂಡು ಹೋಗ್ತಿದ್ದೆ. ನಿನ್ನ ಮಾವ ಸೋತ್ರೆ ನೀ ಆ ಮನೇಲಿ ಹೆಂಗೆ ಇರ್ತೀಯ?"

ನನಗೆ ಕಣ್ಣಲ್ಲಿ ನೀರು ಬಂತು. ಅವನು ಮತ್ತೆ ಬೈಯುತ್ತ ಮುಂದೆ ನಡೆದ. ಸೊರಬದ ಬಸ್ಸು ಹೊರಡಲು ನಿಂತಿತ್ತು. ಅವನು ಚೀಲವನ್ನು ಒಳಗೆ ತಳ್ಳಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ತಿರುಗಿ ಕೆಳಗಿಳಿದು ನನ್ನ ಹತ್ತಿರ ಬಂದ. ಆಚೀಚೆ ನೋಡಿ ದನಿ ತಗ್ಗಿಸಿದ.

"ನಾ ತಲೆ ತಗ್ಗಿಸ್ಕಂಡಿದ್ದೆ ಮಗಾ, ನೋಡ್ಲಿಲ್ಲ. ನೀರು ಹೆಂಗೆ ಹೋತು?"

"ಸರಾಗ ಹೋತು ಅಪ್ಪಯ್ಯ. ಒಂದು ಹನೀನೂ ಒಳಗೆ ಉಳೀಲಿಲ್ಲ."

ಅವನು ಹತ್ತಿ ಹೋಗಿ ಕೂತ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸು ಹೊರಟಾಗ ಅವನು ಪಕ್ಕದಲ್ಲಿ ಕೂತಿದ್ದ ಯಾರೋ ಗುರುತಿಲ್ಲದ ಮನುಷ್ಯನಿಗೆ ಏನನ್ನೋ ವಿವರಿಸುತ್ತಿದ್ದ. ಎಡಗೈಯನ್ನು ಚೌಕಟ್ಟಿನ ದಿಂಡಿನಂತೆ ಅಡ್ಡ ಹಿಡಿದು, ಬಲಗೈಯ ಕಿರುಬೆರಳಿನಲ್ಲಿ ನೀರು ಇಳಿಯುವ ಓಟವನ್ನು ತೋರಿಸುತ್ತಿದ್ದ.